ಪಾರ್ಕಿನಲ್ಲಿ ತೆಗೆದ ಹಕ್ಕಿ ಫೋಟೊ ಸಾಕ್ಷ್ಯವಾಗುವುದು ಯಾವಾಗ?

ಹೈದರಾಬಾದ್ ವಿಶ್ವವಿದ್ಯಾಲಯದ ಪಕ್ಕದ ಕಂಚ ಗಚ್ಚಿಬೌಲಿಯ 400 ಎಕರೆ ಹಸಿರಿಗೆ 2025ರ ಮಾರ್ಚ್ ಕೊನೆಯಲ್ಲಿ ಜೆಸಿಬಿಗಳು ನುಗ್ಗಿದಾಗ, ಜಾಲತಾಣಗಳ ತುಂಬ ನವಿಲು, ಜಿಂಕೆಗಳ ಚಿತ್ರಗಳೇ ಹರಿದಾಡಿದ್ದವು. ಅವುಗಳಲ್ಲಿ ಕೆಲವು ಎಐ ಸೃಷ್ಟಿ ಎಂದು ಗೊತ್ತಾದದ್ದೇ ತಡ, ಚರ್ಚೆ ಮರಗಳನ್ನು ಬಿಟ್ಟು ಚಿತ್ರಗಳ ಕಡೆ ಹೊರಳಿತು. ನಕಲಿ ಚಿತ್ರಗಳಿಂದ ಜನರ ದಾರಿ ತಪ್ಪಿಸಲಾಗಿದೆ ಎಂದು ತೆಲಂಗಾಣ ಸರ್ಕಾರ ದೂರಿತು. ಸುಪ್ರೀಂ ಕೋರ್ಟ್ ಮಾತ್ರ ಜಾಲತಾಣದ ಚಿತ್ರಗಳನ್ನು ನೆಚ್ಚಿಕೊಳ್ಳಲಿಲ್ಲ. ಹೈಕೋರ್ಟ್ ರಿಜಿಸ್ಟ್ರಾರ್ ಅವರನ್ನು ಸ್ಥಳಕ್ಕೆ ಕಳಿಸಿ, ಅವರು ಫೋಟೊ ಸಮೇತ ಕೊಟ್ಟ ವರದಿ ನೋಡಿ ಏಪ್ರಿಲ್ 3ರಂದು ಮರ ಕಡಿಯುವುದಕ್ಕೆ ತಡೆ ನೀಡಿತು. ಸುಮಾರು 100 ಎಕರೆ ಅಷ್ಟರಲ್ಲಿ ನಾಶವಾಗಿತ್ತು.

ಬೆಳಗಿನ ವಾಕಿಂಗ್‌ಗೆ ಹೋಗಿ ಪಾರ್ಕಿನ ಹಕ್ಕಿ, ಚಿಟ್ಟೆ, ಹೂವುಗಳ ಫೋಟೊ ತೆಗೆಯುವ ಮುಂಬೈ, ಪುಣೆ, ಚೆನ್ನೈನ ಹವ್ಯಾಸಿಗಳಿಗೂ ಈ ಪ್ರಕರಣ ಸಂಬಂಧಿಸಿದ್ದೇ. ಎಲ್ಲಿ, ಯಾವ ದಿನ, ಯಾರು ಕಂಡದ್ದು ಎಂಬ ವಿವರ ಇಲ್ಲದಿದ್ದರೆ ಎಷ್ಟೇ ಚೆಂದದ ಚಿತ್ರವೂ 'ನಕಲಿ' ಎಂಬ ಒಂದೇ ಮಾತಿಗೆ ಬಿದ್ದುಹೋಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿದರೆ ಅದರೊಳಗಿನ ಸ್ಥಳದ ಮಾಹಿತಿಯೂ ಅಳಿಸಿಹೋಗುತ್ತದೆ. ಅದೇ ಫೋಟೊ ಇ-ಬರ್ಡ್ ಅಥವಾ ಐ-ನ್ಯಾಚುರಲಿಸ್ಟ್‌ಗೆ ಹೋದರೆ ದಿನಾಂಕ, ಜಾಗ ದಾಖಲಾಗುತ್ತದೆ. ಹೆಸರು ತಪ್ಪಿದ್ದರೆ ಬಲ್ಲವರು ತಿದ್ದುತ್ತಾರೆ.

ಇಂಥ ದಾಖಲೆಗಳ ತೂಕ ಸಣ್ಣದಲ್ಲ. 2023ರ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿ ನಿಂತದ್ದೇ ಸುಮಾರು 30 ಸಾವಿರ ಪಕ್ಷಿವೀಕ್ಷಕರು ಕೊಟ್ಟ 3 ಕೋಟಿ ದಾಖಲೆಗಳ ಮೇಲೆ. ಗುಬ್ಬಚ್ಚಿ ದೇಶದಲ್ಲಿ ಒಟ್ಟಾರೆ ಹೆಚ್ಚುಕಮ್ಮಿ ಸ್ಥಿರವಾಗಿದೆ, ಮಹಾನಗರಗಳಲ್ಲಿ ಮಾತ್ರ ಕಡಿಮೆಯಾಗುತ್ತಿದೆ ಎಂಬುದು 2020ರ ವರದಿಯಲ್ಲಿ ತಿಳಿದದ್ದೂ ಹೀಗೆಯೇ. ಅಪರೂಪದ ಹಕ್ಕಿ ಬಂದರೆ ಕ್ಯಾಮೆರಾಗಳ ಸಾಲೇ ನೆರೆಯುತ್ತದೆ. ಗುಬ್ಬಿ, ಮೈನಾ, ಕಾಗೆಗಳನ್ನು ಬರೆದಿಡುವವರು ಕಡಿಮೆ. ಇಳಿಕೆ ಗೊತ್ತಾಗಬೇಕಾದರೆ ಬೇಕಿರುವುದು ಈ ಸಾಮಾನ್ಯ ಹಕ್ಕಿಗಳ ಲೆಕ್ಕ.

ಗಿಡಗಳ ಪಾಡು ಇನ್ನೂ ಕಡೆ. ಪಾರ್ಕಿನ ಅಂಚಿನ ಎಕ್ಕದ ಗಿಡ ಮಾಲಿಯ ಕಣ್ಣಿಗೆ ಕಳೆ. ಪ್ಲೇನ್ ಟೈಗರ್ ಚಿಟ್ಟೆ ಮೊಟ್ಟೆಯಿಡುವುದು ಅದರ ಎಲೆಯ ಮೇಲೆ. ಎಕ್ಕ ಕಿತ್ತು 'ಚಿಟ್ಟೆ ಉದ್ಯಾನ' ಎಂದು ಬೋರ್ಡ್ ಹಾಕುವ ಪಾಲಿಕೆಗಳಿಗೆ ಇದನ್ನು ಹೇಳುವವರು ಯಾರು?

ಹಾಗಂತ ಎಲ್ಲವನ್ನೂ ಎಲ್ಲರಿಗೂ ಹಂಚುವಂತಿಲ್ಲ. ಗೂಬೆಯ ಪೊಟರೆ, ಮರಿಗಳಿರುವ ಗೂಡು ಎಲ್ಲಿದೆ ಎಂದು ಗ್ರೂಪ್‌ಗಳಲ್ಲಿ ಹಾಕಿದರೆ ಮರುದಿನ ಅಲ್ಲಿ ಜಾತ್ರೆ. ಅಪಾಯದಂಚಿನ ಜೀವಿಗಳ ನಿಖರ ಜಾಗವನ್ನು ಐ-ನ್ಯಾಚುರಲಿಸ್ಟ್ ತಾನೇ ಮರೆಮಾಡುತ್ತದೆ. ವಾಟ್ಸ್‌ಆ್ಯಪ್‌ಗೆ ಆ ವಿವೇಕ ಇಲ್ಲ.

ಕಾನೂನಿನಲ್ಲಿ ಇದಕ್ಕೆ ಒಂದು ಬಾಗಿಲು ಮೊದಲೇ ಇದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಗ್ರಾಮ ಪಂಚಾಯಿತಿಗಳಷ್ಟೇ ಅಲ್ಲ, ನಗರಪಾಲಿಕೆಗಳೂ ಜೀವವೈವಿಧ್ಯ ನಿರ್ವಹಣಾ ಸಮಿತಿ ರಚಿಸಬೇಕು, ಸ್ಥಳೀಯ ಜೀವಿಗಳ ದಾಖಲಾತಿ ಸಿದ್ಧಪಡಿಸಬೇಕು. ಪಾರ್ಕಿನ ವರ್ಷವಿಡೀ ಪಟ್ಟಿಯನ್ನು ಹವ್ಯಾಸಿ ಗುಂಪುಗಳು ಆ ಸಮಿತಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆದರೆ, ಕಾಂಕ್ರೀಟ್ ಹಾದಿಗೋ ಮೇಲ್ಸೇತುವೆಗೋ ಟೆಂಡರ್ ಕರೆದ ದಿನ ಪಾಲಿಕೆಯದೇ ಕಡತದಲ್ಲಿ ಆ ಹಕ್ಕಿಗಳ ಹೆಸರು ಇರುತ್ತದೆ.