ಬೀಜದ ಜೋಳ

ಒಂದು ಮನೆತನದ ವಿವೇಕವನ್ನು ಅರಿಯಬೇಕಾದರೆ ಅದರ ಪಡಸಾಲೆಯನ್ನು ನೋಡಿದರೆ ಸಾಲದು, ಉಗ್ರಾಣವನ್ನು ನೋಡಬೇಕು. ನಮ್ಮ ಬೀದರ ಸೀಮೆಯ ಒಕ್ಕಲು ಮನೆಗಳಲ್ಲಿ ಹಿಂದೆ ಜೋಳಕ್ಕೆ ಮೂರು ನೆಲೆಗಳಿರುತ್ತಿದ್ದವು. ದಿನದ ರೊಟ್ಟಿಗೆ ಬೇಕಾದ ಜೋಳ ಕೈಗೆ ಎಟುಕುವಂತೆ ಅಡಿಗೆಮನೆಯ ಗಡಿಗೆಯಲ್ಲಿ. ವರ್ಷದ ಜೋಳ ನೆಲವನ್ನು ಅಗೆದು, ಹುಲ್ಲು ಹಾಸಿ, ಮೇಲೆ ಮಣ್ಣು ಮೆತ್ತಿ ಮುಚ್ಚಿದ ಹಗೇವಿನಲ್ಲಿ. ಮುಂದಿನ ಬಿತ್ತನೆಯ ಬೀಜದ ಜೋಳ ಬೂದಿ ಬೆರೆಸಿದ ಬೇರೊಂದು ಮಡಕೆಯಲ್ಲಿ. ಮೂರರಲ್ಲಿಯೂ ಇದ್ದುದು ಜೋಳವೇ. ಆದರೆ ಹಸಿವಿನ ದಿನಗಳಲ್ಲಿಯೂ ಮನೆಯೊಡತಿಯ ಕೈ ಆ ಮೂರನೆಯ ಮಡಕೆಯ ಕಡೆಗೆ ಹೋಗಲು ಅಂಜುತ್ತಿತ್ತು. ಅಳತೆಯಲ್ಲಿ ಅದೇ ಎಲ್ಲಕ್ಕಿಂತ ಕಿರಿದು. ಬೆಲೆಯಲ್ಲಿ ಅದೇ ಎಲ್ಲಕ್ಕಿಂತ ಹಿರಿದು.

ಈ ಹಳೆಯ ಮಾತನ್ನು ಇಲ್ಲಿ ಎತ್ತಿದುದಕ್ಕೆ ಕಾರಣ ತೀರ ಹೊಸದೊಂದು ಸಂಗತಿ. ಸಂತಪುರ, ಔರಾದ, ಭಾಲ್ಕಿಗಳಿಂದ ಕಾಲೇಜಿಗೆ ಬರುವ ನಮ್ಮ ಹುಡುಗರಲ್ಲಿ ಕೆಲವರು ಗಣಕಯಂತ್ರದ ಆಟಗಳಲ್ಲಿ ನಿಪುಣರು. ಸಾಹಿತ್ಯದ ಪುಟದಲ್ಲಿ ಆಟದ ಮಾತೇ ಎಂದು ಹುಬ್ಬೇರಿಸುವ ಹಿರಿಯರು ಸ್ವಲ್ಪ ತಾಳಬೇಕು. ಈ ಹುಡುಗರು ಕೇವಲ ಆಡುವವರಲ್ಲ, ಆಟವನ್ನು ತಿದ್ದುವವರು. 2011ರಲ್ಲಿ ಹೊರಬಂದ ‘ಸ್ಕೈರಿಮ್’ ಎಂಬ ಆಟವೊಂದುಂಟು. ಅದನ್ನು ಕಟ್ಟಿದ ಅಮೆರಿಕದ ಬೆಥೆಸ್ಡಾ ಸಂಸ್ಥೆ ಮರುವರ್ಷ ತಿದ್ದುವ ಉಪಕರಣವನ್ನೂ ಜನರ ಕೈಗೆ ಕೊಟ್ಟಿತು. ಅಂದಿನಿಂದ ಲೋಕದ ನಾನಾ ಮೂಲೆಗಳ ಹವ್ಯಾಸಿಗಳು ಅದಕ್ಕೆ ಹೊಸ ಊರು, ಹೊಸ ಕಥೆ, ಹೊಸ ಮಳೆ, ಹೊಸ ಕಲ್ಲು ಸೇರಿಸುತ್ತಲೇ ಬಂದಿದ್ದಾರೆ. ಇಂಥ ಸೇರಿಕೆಗೆ ಹುಡುಗರು ‘ಮಾಡ್’ ಎನ್ನುತ್ತಾರೆ. ನಮ್ಮ ‘ಮಾಡು’ ಧಾತುವಿಗೂ ಇದಕ್ಕೂ ಭಾಷಾಶಾಸ್ತ್ರದ ನಂಟಿಲ್ಲ. ಆದರೂ ಹೆಸರು ಒಪ್ಪುತ್ತದೆ. ಹನ್ನೆರಡು ಗಿಗಾಬೈಟಿನಷ್ಟಿರುವ ಮೂಲ ಆಟ ಸೇರಿಕೆಗಳ ಭಾರದಿಂದ ಮುನ್ನೂರನ್ನು ದಾಟುವುದೂ ಉಂಟು. ಆಗ ಹುಟ್ಟುವುದೇ ಉಗ್ರಾಣದ ಪ್ರಶ್ನೆ: ಯಾವುದನ್ನು ಎಲ್ಲಿಡಬೇಕು, ಯಾವುದನ್ನು ಬಿಡಬೇಕು?

ಈ ಪ್ರಶ್ನೆಗೆ ಬಲ್ಲ ಆಟಗಾರರು ಕಂಡುಕೊಂಡಿರುವ ಮೊದಲನೆಯ ಉತ್ತರ ನನ್ನಂಥ ಕನ್ನಡದ ಮೇಷ್ಟರಿಗೆ ಪರಿಚಿತವಾದದ್ದೇ: ಮೂಲವನ್ನು ಮುಟ್ಟಬಾರದು. ಕುಮಾರವ್ಯಾಸ ಭಾರತದ ಹತ್ತು ಪರ್ವಗಳನ್ನು ಮಾತ್ರ ಹಾಡಿದನು. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣಕವಿ ಪೂರೈಸಿದನು. ಅವನು ಮಾಡಿದ್ದು ಸೇರಿಕೆಯೇ. ಆದರೆ ಅದು ತನ್ನ ಹೆಸರಿನಿಂದ, ತನ್ನ ಗಡಿಯೊಳಗೆ ನಿಂತ ಸೇರಿಕೆ. ಆದುದರಿಂದ ಇಂದಿಗೂ ಯಾರ ಭಾಗ ಯಾವುದೆಂದು ಬೆರಳಿಟ್ಟು ತೋರಿಸಬಹುದು. ಹೆಸರಿಲ್ಲದ ಪ್ರತಿಕಾರನು ಮೂಲದ ನಡುವೆಯೇ ತೂರಿಸಿದ ಪದ್ಯಗಳ ಕತೆ ಬೇರೆ. ಅವುಗಳನ್ನು ಬೇರ್ಪಡಿಸುವುದರಲ್ಲಿ ನಮ್ಮ ಗ್ರಂಥಸಂಪಾದಕರ ಆಯುಷ್ಯಗಳು ಸವೆದಿವೆ. ಆಟದಲ್ಲಿಯೂ ಹೀಗೆಯೇ. ಸೇರಿಕೆಯ ಕಡತಗಳನ್ನು ಮೂಲದ ಕಡತಗಳ ಮೇಲೆಯೇ ಸುರಿದರೆ ಹಳೆಯದು ಅಳಿಯುತ್ತದೆ. ಆಮೇಲೆ ಕೆಟ್ಟದ್ದು ಯಾವುದೆಂದು ತಿಳಿಯದು. ‘ಮಾಡ್ ಆರ್ಗನೈಜರ್’ ಎಂಬ ತಂತ್ರಾಂಶ ಒಂದೊಂದು ಸೇರಿಕೆಯನ್ನೂ ಅದರದೇ ಫೋಲ್ಡರಿನಲ್ಲಿ ಇರಿಸಿ, ಆಟ ನಡೆಯುವ ಹೊತ್ತಿನಲ್ಲಿ ಮಾತ್ರ ಎಲ್ಲವೂ ಒಂದೇ ಎಂಬಂತೆ ತೋರಿಸುತ್ತದೆ. ಆಟ ಮುಗಿದೊಡನೆ ಮೂಲ ಮೂಲವಾಗಿಯೇ ಉಳಿಯುತ್ತದೆ.

ಎರಡನೆಯದು ಕ್ರಮದ ವಿಚಾರ. ಎರಡು ಸೇರಿಕೆಗಳು ಒಂದೇ ಗೋಡೆಗೆ ಎರಡು ಬಣ್ಣ ಬಳಿದರೆ ಪಟ್ಟಿಯಲ್ಲಿ ಹಿಂದೆ ನಿಂತದ್ದರ ಬಣ್ಣ ಗೆಲ್ಲುತ್ತದೆ. ಆದುದರಿಂದ ಯಾವುದು ಯಾವುದರ ಮುಂದೆ, ಯಾವುದರ ಹಿಂದೆ ಎಂಬ ಪಟ್ಟಿಯೇ ಒಂದು ರಚನೆ. ಶೂನ್ಯಸಂಪಾದನೆಯನ್ನು ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಶರಣರ ವಚನಗಳನ್ನು ಸಂವಾದವಾಗಿ ಜೋಡಿಸಿದನು. ಆ ಬಳಿಕ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯರು ಅದನ್ನು ಮತ್ತೆ ಮತ್ತೆ ಪರಿಷ್ಕರಿಸಿದರು. ವಚನಗಳು ಶರಣರವು, ಜೋಡಣೆ ಸಂಪಾದಕರದು. ಆ ಜೋಡಣೆಯಿಂದಲೇ ಕಲ್ಯಾಣದ ಮಂಟಪ ನಮ್ಮ ಕಣ್ಣೆದುರು ನಿಲ್ಲುತ್ತದೆ. ಹುಡುಗನೊಬ್ಬ ತಿಂಗಳುಗಟ್ಟಲೆ ಕುಳಿತು ಹೊಂದಿಸಿದ ಮುನ್ನೂರು ಸೇರಿಕೆಗಳ ಪಟ್ಟಿ ಕೆಲವೇ ಸಾವಿರ ಅಕ್ಷರಗಳ ಕಡತ. ಸೇರಿಕೆಗಳನ್ನು ಮತ್ತೆ ಇಳಿಸಿಕೊಳ್ಳಬಹುದು. ಆ ಪಟ್ಟಿ ಹೋದರೆ ಅವನ ಶ್ರಮವೇ ಹೋಯಿತು.

ಇನ್ನು ಭಾರದ ಮಾತು. ಇಷ್ಟು ಜಾಗವನ್ನು ನುಂಗುವುದು ಕಥೆಯೂ ಅಲ್ಲ, ಪಾತ್ರವೂ ಅಲ್ಲ, ಮೇಲ್ಮೈಯ ಚಿತ್ರಗಳು. ಒಂದು ಬದಿಗೆ 4096 ಚುಕ್ಕೆಗಳುಳ್ಳ ಚೌಕದ ಕಲ್ಲಿನ ಚಿತ್ರ, ಆಟಗಳಲ್ಲಿ ರೂಢಿಯಾದ ರೀತಿಯಲ್ಲಿ ಅಡಕಗೊಳಿಸಿದ ಮೇಲೂ, ಸುಮಾರು 21 ಮೆಗಾಬೈಟು ಬೇಡುತ್ತದೆ. ಅದೇ ಚಿತ್ರದ ಬದಿಯನ್ನು 2048ಕ್ಕೆ ಇಳಿಸಿದರೆ ಐದರ ಸುಮಾರು ಸಾಕು. ಬದಿ ಅರ್ಧವಾದರೆ ಭಾರ ನಾಲ್ಕನೆಯ ಒಂದು ಭಾಗ. ಸಾಧಾರಣ ಪರದೆಯ ಮೇಲೆ, ಓಡುವ ಕುದುರೆಯ ಬೆನ್ನಿನಿಂದ ನೋಡುವಾಗ, ಇವೆರಡರ ಭೇದವನ್ನು ಹೇಳಬಲ್ಲ ಕಣ್ಣು ಅಪರೂಪ. ಜಾಗವಿಲ್ಲವೆಂದು ಕೊರಗುವ ಹುಡುಗರಿಗೆ ನಾನು ಹೇಳುವುದು ಇಷ್ಟೆ: ಮೊದಲು ಕಲ್ಲುಗಳನ್ನು ಕಿರಿದು ಮಾಡಿ, ಆಮೇಲೆ ಹೊಸ ಡಿಸ್ಕಿನ ಮಾತು.

ಇದ್ದ ಜಾಗವನ್ನು ಹಂಚುವಲ್ಲಿ ನಮ್ಮ ಗಡಿಗೆ–ಹಗೇವುಗಳ ನೀತಿ ಹಾಗೆಯೇ ಹೊಂದುತ್ತದೆ. ಹಳೆಯ ಬಗೆಯ ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ತಿರುಗಬೇಕು, ಮುಳ್ಳು ಅತ್ತಿತ್ತ ಸರಿದು ಕಡತವನ್ನು ಹುಡುಕಬೇಕು. ಒಂದೊಂದು ಹುಡುಕಾಟಕ್ಕೆ ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಹೊತ್ತು. ಸಾವಿರ ಚಿಕ್ಕ ಕಡತಗಳಿದ್ದರೆ ಹುಡುಕುವುದರಲ್ಲಿಯೇ ಹತ್ತು ಸೆಕೆಂಡು ಕಳೆಯಿತು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವಿಲ್ಲ. ಅದು ಅಡಿಗೆಮನೆಯ ಗಡಿಗೆಯಂತೆ. ಆಟವೂ ಬಿಚ್ಚಿಟ್ಟ ಸೇರಿಕೆಗಳೂ ಅಲ್ಲಿರಬೇಕು. ಗಡಿಗೆಯನ್ನು ಕಂಠದವರೆಗೆ ತುಂಬಬಾರದು. ಆರನೆಯ ಒಂದು ಭಾಗವಾದರೂ ಬರಿದಾಗಿರದಿದ್ದರೆ ಬರೆಯುವ ವೇಗ ಕುಗ್ಗುತ್ತದೆ. ಇಳಿಸಿಕೊಂಡ ಮೂಲ ಕಟ್ಟುಗಳನ್ನು, ಅಂದರೆ ಒಮ್ಮೆ ಬಿಚ್ಚಿ ಮತ್ತೆ ಎಂದೋ ಬೇಕಾಗುವ ಜಿಪ್ ಕಡತಗಳನ್ನು, ಹಗೇವಿನಂತಿರುವ ದೊಡ್ಡ ಹಾರ್ಡ್ ಡಿಸ್ಕಿಗೆ ಕಳಿಸಬೇಕು. ‘ವೊರ್ಟೆಕ್ಸ್’ ಎಂಬ ಇನ್ನೊಂದು ತಂತ್ರಾಂಶವನ್ನು ಬಳಸುವವರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅದು ಸಾಮಾನ್ಯವಾಗಿ ಒಂದೇ ಕಡತಕ್ಕೆ ಎರಡು ಕಡೆ ಹೆಸರಿನ ಚೀಟಿ ಕಟ್ಟಿ ಜಾಗ ಉಳಿಸುತ್ತದೆ. ಆ ಚೀಟಿ ಒಂದು ಡ್ರೈವಿನಿಂದ ಮತ್ತೊಂದಕ್ಕೆ ದಾಟಲಾರದು. ಹೀಗಾಗಿ ಸೇರಿಕೆಗಳ ಉಗ್ರಾಣವೂ ಆಟವೂ ಒಂದೇ ಡ್ರೈವಿನಲ್ಲಿರಬೇಕು.

ಒಂದು ಭ್ರಮೆಯನ್ನಂತೂ ಕಳೆಯಲೇಬೇಕು. ಒಂದೇ ಡಿಸ್ಕನ್ನು ‘ಸಿ’, ‘ಡಿ’ ಎಂದು ಎರಡು ಹೋಳು ಮಾಡಿ, ‘ಸಿ’ಯಲ್ಲಿರುವುದರ ಪ್ರತಿಯನ್ನು ‘ಡಿ’ಯಲ್ಲಿ ಇಟ್ಟು ನಿಶ್ಚಿಂತರಾಗುವವರು ಬಹಳ ಮಂದಿ. ಅದು ಒಂದೇ ಹಗೇವಿನಲ್ಲಿ ಇಟ್ಟ ಎರಡು ಚೀಲ. ನೀರು ನುಗ್ಗಿದರೆ ಎರಡೂ ಕೊಳೆಯುತ್ತವೆ. ಯಾವುದರ ಪಕ್ಕದಲ್ಲಿ ಯಾವುದನ್ನು ಇಡಬಾರದೆಂಬುದಕ್ಕೆ ಬೀದರದವರಿಗೆ ಬೇರೆ ನಿದರ್ಶನ ಬೇಕಿಲ್ಲ. ಮಹಮೂದ ಗವಾನ 1472ರಲ್ಲಿ ಕಟ್ಟಿಸಿದ ಮದರಸಾದಲ್ಲಿ ಸುಮಾರು 3000 ಗ್ರಂಥಗಳಿದ್ದವೆಂದು ಇತಿಹಾಸಕಾರರು ಹೇಳುತ್ತಾರೆ. ಮೊಗಲರ ಕೈಗೆ ಬಂದ ಮೇಲೆ ಆ ವಿದ್ಯಾಮಂದಿರ ಸೈನಿಕರ ಬೀಡಾಯಿತು, ಮದ್ದಿನ ಉಗ್ರಾಣವಾಯಿತು. 1696ರಲ್ಲಿ ಸಿಡಿಲು ಬಡಿದು ಮದ್ದು ಸಿಡಿಯಿತೆನ್ನುತ್ತಾರೆ. ಎರಡು ಮಿನಾರುಗಳಲ್ಲಿ ಇಂದು ಉಳಿದಿರುವುದು ಒಂದು. ವಿದ್ಯೆಯ ಮನೆಯಲ್ಲಿ ಮದ್ದನ್ನು ತುಂಬಿದವರು ಕಟ್ಟಡ ವಿಶಾಲವಾಗಿದೆ ಎಂಬುದನ್ನಷ್ಟೇ ನೋಡಿರಬೇಕು.

ಇಷ್ಟನ್ನೂ ಆಟದ ಹುಡುಗರು ಅರಿತಿದ್ದಾರೆ; ಕೆಲವನ್ನು ನಾನು ಅವರಿಂದಲೇ ಕಲಿತೆ. ಹಾಗಿದ್ದೂ ನನ್ನ ವಿದ್ಯಾರ್ಥಿಯೊಬ್ಬನ ವಿಷಯದಲ್ಲಿ ನಡೆದುದನ್ನು ಹೇಳದೆ ಇರಲಾರೆ. ಜಾನಪದದ ಅಭ್ಯಾಸಕ್ಕಾಗಿ ಅವನು ಸಂತಪುರದ ಹತ್ತಿರದ ತನ್ನ ಊರಿನಲ್ಲಿ ತನ್ನ ಆಯಿಯಿಂದ ಹನ್ನೊಂದು ಬೀಸುವ ಪದಗಳನ್ನು ಹಾಡಿಸಿ ಫೋನಿನಲ್ಲಿ ಹಿಡಿದು, ಗಣಕಯಂತ್ರದಲ್ಲಿ ಇಟ್ಟುಕೊಂಡಿದ್ದನು. ಮರುವರ್ಷ ಆ ತಾಯಿ ತೀರಿಕೊಂಡಳು. ಧ್ವನಿಯ ಪ್ರತಿ ಕೊಡೆಂದು ನಾನು ಕೇಳಿದಾಗ ಅವನು ತಲೆ ತಗ್ಗಿಸಿ, “ಹೊಸಾ ಮಾಡ್ ಹಾಕಲಿಕ್ಕೆ ಜಾಗಾ ಸಾಲಲಿಲ್ರಿ ಸರ್, ಅದಕ್ಕ ಹಳೇದೆಲ್ಲಾ ತೆಗದೆ” ಎಂದನು. ಫೋನಿನಲ್ಲಿದ್ದುದು ಮೊದಲೇ ಹೋಗಿತ್ತು. ಹಿಂದೊಮ್ಮೆ ಔರಾದಿನ ಸೋದರತ್ತೆಗೆ ಕಳಿಸಿದ್ದ ಎರಡು ಪದಗಳು ಆಕೆಯ ಫೋನಿನಲ್ಲಿ ಉಳಿದಿದ್ದವು. ಒಂಬತ್ತು ಹೋದವು.

ಇಲ್ಲಿ ಲೆಕ್ಕವೊಂದನ್ನು ಮಾಡಬೇಕು. ಐದು ನಿಮಿಷದ ಹಾಡು ಸಾಧಾರಣ ಎಂಪಿ3 ರೂಪದಲ್ಲಿ ಐದು ಮೆಗಾಬೈಟನ್ನು ಮೀರುವುದಿಲ್ಲ. ಹನ್ನೊಂದು ಹಾಡಿಗೆ ಐವತ್ತೈದು. ಆ ಹುಡುಗ ಹಾಕಿಕೊಂಡ ಸೇರಿಕೆಯಲ್ಲಿ ಇದು ಮೂರು ಕಲ್ಲಿನ ಚಿತ್ರಗಳಿಗೂ ಸಾಲದ ಜಾಗ. ಮೂರು ಕಲ್ಲುಗಳನ್ನು ತುಸು ಒರಟಾಗಿ ಬಿಟ್ಟಿದ್ದರೆ ಒಬ್ಬ ಹೆಣ್ಣುಮಗಳ ದನಿಯೂ, ಅವಳ ತಾಯಿಯಿಂದ ಅವಳಿಗೆ ಬಂದಿದ್ದ ಮಾತುಗಳೂ ಉಳಿಯುತ್ತಿದ್ದವು. ಅವನು ದುಷ್ಟನಲ್ಲ, ಆಯಿಯನ್ನು ಪ್ರೀತಿಸಿದವನೇ. ಸೇರಿಕೆಗಳ ಪಟ್ಟಿಗೆ ಮೂರು ಪ್ರತಿ ಇಟ್ಟವನು ಹಾಡಿಗೆ ಒಂದನ್ನೂ ಇಡಲಿಲ್ಲ. ಏಕೆಂದರೆ ಪಟ್ಟಿಯ ಬೆಲೆಯನ್ನು ಅವನಿಗೆ ಆಟದ ಗೆಳೆಯರು ಹೇಳಿದ್ದರು. ಹಾಡಿಗೆ ನಾವು ಅಂಕ ಕೊಟ್ಟು ಕೈತೊಳೆದುಕೊಳ್ಳುವ ಪದ್ಧತಿಯನ್ನು ಇಟ್ಟಿದ್ದೇವೆ.

ಆದುದರಿಂದ ನನ್ನ ಅಭಿಪ್ರಾಯ ಇದು. ಉಗ್ರಾಣದ ಒಡೆಯನು ಕೇಳಬೇಕಾದ ಮೊದಲ ಪ್ರಶ್ನೆ ‘ಇದು ಎಷ್ಟು ದೊಡ್ಡದು?’ ಎಂಬುದಲ್ಲ, ‘ಇದು ಹೋದರೆ ಮತ್ತೆ ಸಿಕ್ಕೀತೇ?’ ಎಂಬುದು. ಮೂಲ ಆಟವನ್ನು ಮತ್ತೆ ಇಳಿಸಿಕೊಳ್ಳಬಹುದು. ಅದೂ ಹಿಂದಿನ ರೂಪದಲ್ಲಿಯೇ ಸಿಗುವುದೆಂಬ ಭರವಸೆಯಿಲ್ಲ. 2021ರ ನವೆಂಬರಿನಲ್ಲಿ ಸ್ಕೈರಿಮ್‌ನ ಹತ್ತನೆಯ ವರ್ಷದ ಆವೃತ್ತಿ ಬಂದಾಗ ಹಳೆಯ ರೂಪವನ್ನು ನಂಬಿದ್ದ ಎಷ್ಟೋ ಸೇರಿಕೆಗಳು ಒಮ್ಮೆಗೇ ನಿಂತುಹೋದವು; ಹಳೆಯ ಪ್ರತಿಯನ್ನು ತೆಗೆದಿಟ್ಟವರು ಮಾತ್ರ ನಿರಾತಂಕವಾಗಿ ಆಡಿದರು. ಸೇರಿಕೆಯ ಕರ್ತೃ ಅದನ್ನು ಹಿಂದೆಗೆದುಕೊಂಡರೆ ಅದೂ ಸಿಗದು. ಇನ್ನು ಆಟವನ್ನು ನಿಲ್ಲಿಸಿದ ಹಂತವನ್ನು ಕಾದಿಡುವ ‘ಸೇವ್’ ಕಡತ, ಕ್ರಮದ ಪಟ್ಟಿ, ಹುಡುಗ ತಾನೇ ಬಿಡಿಸಿದ ಚಿತ್ರ, ಆಯಿಯ ಹಾಡು: ಇವು ಬೀಜದ ಜೋಳ. ಇವೆಲ್ಲವೂ ಕೂಡಿ ಸಾಮಾನ್ಯವಾಗಿ ಡಿಸ್ಕಿನ ಒಂದು ಮೂಲೆಗೂ ಸಾಲವು. ಇಂಥವಕ್ಕೆ ಮೂರು ಪ್ರತಿ ಇರಲಿ. ಎರಡು ಬೇರೆ ಬಗೆಯ ಸಾಧನಗಳಲ್ಲಿ ಇರಲಿ. ಒಂದಾದರೂ ಬೇರೆ ಮನೆಯಲ್ಲಿ, ಬೇರೆ ಊರಿನಲ್ಲಿ ಇರಲಿ. ಎಸ್‌ಎಸ್‌ಡಿಯನ್ನೋ ಪೆನ್‌ಡ್ರೈವನ್ನೋ ವರ್ಷಗಟ್ಟಲೆ ಕಪಾಟಿನಲ್ಲಿ ಹಾಗೆಯೇ ಇಟ್ಟರೆ ಅದರಲ್ಲಿ ಬರೆದದ್ದು ಕ್ರಮೇಣ ಅಳಿಯಬಹುದು. ವರ್ಷಕ್ಕೊಮ್ಮೆಯಾದರೂ ತೆರೆದು, ಓದಿ, ಹೊಸ ಪ್ರತಿ ಮಾಡಬೇಕು. ತಾಳೆಗರಿಯ ಕಟ್ಟುಗಳನ್ನು ಬಿಚ್ಚಿ, ಎಣ್ಣೆ ಸವರಿ, ಸವೆದುದನ್ನು ಹೊಸ ಗರಿಗೆ ಇಳಿಸಿದವರು ಮಾಡಿದ ಕೆಲಸವೂ ಇದೇ.

ಅಧ್ಯಾಪಕರಾದ ನಮ್ಮ ಹೊಣೆಯೂ ಇಲ್ಲಿದೆ. ಪ್ರತಿ ವರ್ಷ ನಮ್ಮ ಹುಡುಗ ಹುಡುಗಿಯರು ಹಂತಿಯ ಪದ, ಸೋಬಾನೆ, ಒಗಟು, ಕತೆಗಳನ್ನು ಸಂಗ್ರಹಿಸಿ ತರುತ್ತಾರೆ. ಅವರು ಬರೆದು ತಂದ ಹಾಳೆಗಳ ಜೊತೆಗೆ ಧ್ವನಿಯ ಪ್ರತಿಯನ್ನೂ ಕಾಲೇಜು ಅಂದೇ ಪಡೆದು, ಯಾರು ಹಾಡಿದರು, ಯಾವ ಊರು, ಯಾವ ದಿನ ಎಂದು ದಾಖಲಿಸಿ, ಎರಡು ಹಾರ್ಡ್ ಡಿಸ್ಕುಗಳಲ್ಲಿ ಇಡುವುದು ಹೆಚ್ಚಿನ ವೆಚ್ಚದ ಕೆಲಸವೇನಲ್ಲ. ಕಡತಗಳನ್ನು ಬೇರ್ಪಡಿಸುವುದು, ಕ್ರಮ ಬರೆದಿಡುವುದು, ಪ್ರತಿ ಮಾಡುವುದು ಇವೆಲ್ಲವನ್ನೂ ಬಲ್ಲ ಕೈಗಳು ಆಟದ ಹುಡುಗರವು. ಅವರನ್ನೇ ಕರೆದು ಈ ಉಗ್ರಾಣವನ್ನು ಒಪ್ಪಿಸೋಣ. ಅವರು ಆಡಲಿ, ಕಲ್ಲಿಗೆ ಬಣ್ಣ ಬಳಿಯಲಿ, ಹೊಸ ಊರು ಕಟ್ಟಲಿ. ಬೀಜದ ಮಡಕೆಯನ್ನು ಮಾತ್ರ ಅವರ ಕೈಯಿಂದಲೇ ಬೇರೆ ಇಡಿಸೋಣ.