ಮಾತ್ರೆ ಮೂಳೆಗೆ ಹೋಗುವುದಿಲ್ಲ ಎನ್ನುವವರಿಗೆ

"ಡಾಕ್ಟ್ರೇ, ಮೂಳೆ ಇನ್‌ಫೆಕ್ಷನ್‌ಗೆ ಬರೀ ಮಾತ್ರೇನಾ?" ಜಯನಗರದಿಂದ ಬಿಟಿಎಂ ಲೇಔಟ್‌ವರೆಗೆ, ಮಂಡಿ ಬದಲಾಯಿಸಿಕೊಂಡವರ ಮನೆಮಂದಿ ಕೇಳುವ ಪ್ರಶ್ನೆ ಇದು. ಕೇಳಿದವರ ತಪ್ಪಲ್ಲ. ಆರು ವಾರ ಡ್ರಿಪ್ಪೇ ಗತಿ ಎಂದು ಅವರಿಗೆ ಹೇಳಿಕೊಟ್ಟವರು ನಮ್ಮವರೇ. ಆ ವಾದಗಳಿಗೆ ಇಲ್ಲಿ ಉತ್ತರ.

ಮಾತ್ರೆ ಮೂಳೆ ಮುಟ್ಟುವುದಿಲ್ಲ ಎನ್ನುತ್ತಾರೆ. ಮೂಳೆಗೆ ಔಷಧ ಒಯ್ಯುವುದು ರಕ್ತ. ಅದು ರಕ್ತಕ್ಕೆ ಕೈನರದಿಂದ ಬಂತೋ ಕರುಳಿನಿಂದ ಬಂತೋ ಎಂದು ಮೂಳೆ ವಿಚಾರಿಸುವುದಿಲ್ಲ. ಲಿನೆಜೋಲಿಡ್, ಲಿವೋಫ್ಲಾಕ್ಸಸಿನ್ ನುಂಗಿದರೆ ಹೆಚ್ಚುಕಡಿಮೆ ಪೂರ್ತಿ ರಕ್ತ ಸೇರುತ್ತವೆ, ಕ್ಲಿಂಡಾಮೈಸಿನ್ ಸುಮಾರು ಶೇ. 90. ಮೂಳೆಗೂ ಚೆನ್ನಾಗಿ ಇಳಿಯುತ್ತವೆ. ನರಕ್ಕೇ ಕೊಡುವ ವ್ಯಾಂಕೊಮೈಸಿನ್ ಗಟ್ಟಿ ಮೂಳೆಯಲ್ಲಿ ರಕ್ತದ ಮಟ್ಟದ ಹತ್ತನೇ ಒಂದು ಪಾಲನ್ನೂ ಮುಟ್ಟದಿರುವುದುಂಟು. ಅಷ್ಟೇಕೆ, ಬೆನ್ನುಮೂಳೆಯ ಕ್ಷಯಕ್ಕೆ ಈ ದೇಶದಲ್ಲಿ ದಶಕಗಳಿಂದ ಕೊಡುತ್ತಿರುವುದು ಮಾತ್ರೆಯನ್ನೇ. ಆ ರೋಗಿಗಳು ಎದ್ದು ಓಡಾಡಿದ್ದು ಯಾವುದರಿಂದ?

ಪುಸ್ತಕದ ಮಾತು ಬೇರೆ, ರೋಗಿ ಬೇರೆ ಎಂಬುದು ಮುಂದಿನ ಆಕ್ಷೇಪ. ಬ್ರಿಟನ್‌ನ 26 ಕೇಂದ್ರಗಳಲ್ಲಿ 1054 ರೋಗಿಗಳ ಮೇಲೆ ನಡೆದ 'ಒವಿವಾ' ಪ್ರಯೋಗದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಮೂಳೆ ಅಥವಾ ಕೀಲಿನ ಸೋಂಕು. ಮೊದಲ ವಾರದೊಳಗೇ ಅರ್ಧ ಜನರನ್ನು ಮಾತ್ರೆಗೆ ಬದಲಾಯಿಸಿ, ಒಂದು ವರ್ಷ ಕಾದು ನೋಡಿದರು. ಚಿಕಿತ್ಸೆ ಸೋತದ್ದು ಇಂಜೆಕ್ಷನ್ ಗುಂಪಿನಲ್ಲಿ ಶೇ. 14.6, ಮಾತ್ರೆಯ ಗುಂಪಿನಲ್ಲಿ ಶೇ. 13.2. ಮಾತ್ರೆ ಗೆದ್ದಿತು ಎನ್ನುವಂತಿಲ್ಲ, ಸೋಲಲಿಲ್ಲ ಅಷ್ಟೆ. ನರದಲ್ಲಿಟ್ಟ ನಳಿಕೆಯ ತೊಂದರೆ ಮಾತ್ರ ಶೇ. 9.4ಕ್ಕೆ ಎದುರಾಗಿ ಶೇ. 1. ಬನಶಂಕರಿಯಿಂದ ದಿನಾ ಆಟೋದಲ್ಲಿ ನರ್ಸಿಂಗ್ ಹೋಮ್‌ಗೆ ಹೋಗಿ ಡ್ರಿಪ್ ಹಾಕಿಸಿಕೊಳ್ಳುವ ಅಜ್ಜಿಗೆ ಇದು ಸಣ್ಣ ಲೆಕ್ಕವಲ್ಲ.

ಬ್ರಿಟನ್ನಿನ ಕೀಟಾಣು ಬೇರೆ, ನಮ್ಮದು ಬೇರೆ ಎಂಬ ವಾದವನ್ನು ನಾನು ಒಪ್ಪುತ್ತೇನೆ. ಇಲ್ಲಿ ಎಷ್ಟೋ ಕೀಟಾಣುಗಳಿಗೆ ಈ ಮಾತ್ರೆಗಳು ನಾಟುವುದೇ ಇಲ್ಲ. ಆಗ ಡ್ರಿಪ್ಪೇ ಬೇಕು. ಆದರೆ ಅಲ್ಲಿ ಕಾರಣ ಕೀಟಾಣು, ಮೂಳೆಯಲ್ಲ. ಕಲ್ಚರ್ ರಿಪೋರ್ಟ್ ಇಲ್ಲದೆ ಡ್ರಿಪ್ ಏರಿಸುವವರು ಈ ವಾದ ಹೂಡಿದಾಗಲೇ ನನಗೆ ತಾಳ್ಮೆ ಕೆಡುವುದು.

ಇನ್ನೊಂದು ತುದಿಯವರೂ ಇದ್ದಾರೆ: ಹಾಗಾದರೆ ಆಪರೇಷನ್ ದಿನವೂ ಮಾತ್ರೆಯೇ ಸಾಕಲ್ಲ? ಸಾಲದು. ಚರ್ಮ ಕೊಯ್ಯುವ ಮೊದಲಿನ ಒಂದು ಗಂಟೆಯೊಳಗೆ, ತೊಡೆಗೆ ಟೂರ್ನಿಕೆಟ್ ಬಿಗಿಯುವ ಮುಂಚೆ, ಸೆಫಜೋಲಿನ್ ನರಕ್ಕೇ ಹೋಗಬೇಕು. ಬಿಗಿದ ಮೇಲೆ ಮಂಡಿಗೆ ರಕ್ತವೇ ಇಳಿಯುವುದಿಲ್ಲ. ಆಪರೇಷನ್ ಮುಗಿದ ಮೇಲೆ ಅದನ್ನೇ ದಿನಗಟ್ಟಲೆ ಎಳೆಯಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ.

"ಮಾತ್ರೆ ಕೊಟ್ಟೆವು, ಕೈಕೊಟ್ಟಿತು" ಎನ್ನುವವರು ಎರಡು ಸಂಗತಿ ನೋಡಲಿ. ಲೋಹದ ಮೇಲೆ ಕೀಟಾಣು ಕಟ್ಟಿದ ಪದರವನ್ನು ಕೆರೆದು ತೊಳೆಯದಿದ್ದರೆ ಯಾವ ದಾರಿಯಲ್ಲಿ ಕೊಟ್ಟರೂ ಔಷಧ ನಿಲ್ಲುವುದಿಲ್ಲ. ಇನ್ನು ಚೀಟಿ ತೆಗೆದು ಓದಿ: ಲಿವೋಫ್ಲಾಕ್ಸಸಿನ್ 1-0-0, ಅದರ ಕೆಳಗೇ ಕ್ಯಾಲ್ಸಿಯಂ 1-0-0, ಎರಡೂ ತಿಂಡಿ ಆದ ಮೇಲೆ. ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಆ ಔಷಧವನ್ನು ಕಟ್ಟಿಹಾಕುತ್ತದೆ. ಕ್ಯಾಲ್ಸಿಯಂ ಅನ್ನು ರಾತ್ರಿಗೆ ಬರೆದರೆ ಆಯಿತು.