ಹೊದಿಕೆಯ ಹೆಸರು, ತೆರಿಗೆಯ ಹೊರೆ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ನಮ್ಮ ಹಿರಿಯರ ಮಾತು. ಜವಳಿ ವರ್ತಕರು ಇಂದು ಅದರೊಂದಿಗೆ ಇನ್ನೊಂದು ಮಾತನ್ನೂ ನೆನಪಿಡಬೇಕಾಗಿದೆ: ಹೊದಿಕೆ ಯಾವುದೆಂದು ಅರಿತು ಬಿಲ್ಲು ಬರೆಯಬೇಕು.

ಕೆಲವು ವರ್ಷಗಳ ಹಿಂದೆ ನನ್ನ ಕಕ್ಷಿದಾರರೊಬ್ಬರಿಗೆ ತೆರಿಗೆ ಇಲಾಖೆಯಿಂದ ನೋಟೀಸು ಬಂದಿತು. 2018-19ನೇ ಸಾಲಿನಲ್ಲಿ ಅವರು ಪಾಲಿಯೆಸ್ಟರ್ ನಾರು ತುಂಬಿದ ಕಂಫರ್ಟರ್‌ಗಳನ್ನು ಶೇ. 18ರ ತೆರಿಗೆ ತೆತ್ತು ಖರೀದಿಸಿ, 'ಬೆಡ್‌ಶೀಟ್' ಎಂದು ನಮೂದಿಸಿ ಶೇ. 5ರ ದರದಲ್ಲಿ ಮಾರಿದ್ದರು. ವಂಚಿಸುವ ಉದ್ದೇಶ ಅವರಿಗಿರಲಿಲ್ಲ. ಅವರ ಅಂಗಡಿಯಲ್ಲಿ ಮಂಚದ ಮೇಲೆ ಬರುವುದೆಲ್ಲವೂ ಬೆಡ್‌ಶೀಟೇ! ಆದರೆ ಶೇ. 13ರ ವ್ಯತ್ಯಾಸವನ್ನು ಎಂದೋ ಬಂದು ಹೋದ ಗಿರಾಕಿಗಳಿಂದ ವಸೂಲು ಮಾಡುವುದು ಸಾಧ್ಯವೇ? ತೆರಿಗೆ, ಅದರ ಮೇಲೆ ವಾರ್ಷಿಕ ಶೇ. 18ರ ಬಡ್ಡಿ ಮತ್ತು ದಂಡ ಮೂರನ್ನೂ ಅವರು ತಮ್ಮ ಬಂಡವಾಳದಿಂದಲೇ ತೆರಬೇಕಾಯಿತು. ಪ್ರಸ್ತುತ ಲೇಖನಕ್ಕೆ ಈ ಪ್ರಸಂಗವೇ ಪ್ರೇರಣೆ.

ವಿಧಗಳು ಮತ್ತು ಶೀರ್ಷಿಕೆಗಳು

ಸುಂಕದ ದರಪಟ್ಟಿಯು ಹೊದಿಕೆಗಳನ್ನು ಅವುಗಳ ರಚನೆಯಿಂದ ಗುರುತಿಸುತ್ತದೆ. ಕಂಬಳಿ ಹಾಗೂ ಬ್ಲಾಂಕೆಟ್‌ಗಳು 6301ನೇ ಶೀರ್ಷಿಕೆಗೆ ಸೇರುತ್ತವೆ. ಹಾಸುವ ಬೆಡ್‌ಶೀಟು, ದಿಂಬಿನ ಗವಸು, ಡ್ಯುವೆಟ್‌ನ ಮೇಲುಹೊದಿಕೆ ಇವು 6302. ಹಾಸಿಗೆ ಹಾಸಿದ ಮೇಲೆ ಅಂದಕ್ಕಾಗಿ ಹೊದಿಸುವ, ಒಳಗೆ ಏನನ್ನೂ ತುಂಬದ ಬೆಡ್‌ಸ್ಪ್ರೆಡ್ 6304. ಒಳಗೆ ಹತ್ತಿ, ಕೃತಕ ನಾರು ಅಥವಾ ಗರಿ ತುಂಬಿದ ರಜಾಯಿ, ಕಂಫರ್ಟರ್, ಡ್ಯುವೆಟ್‌ಗಳು ಜವಳಿಯ ಅಧ್ಯಾಯವನ್ನೇ ಬಿಟ್ಟು, ಪೀಠೋಪಕರಣಗಳಿರುವ 94ನೇ ಅಧ್ಯಾಯದ 9404ಕ್ಕೆ ಹೋಗುತ್ತವೆ.

ಇಲ್ಲಿ ವಿಶೇಷವಾಗಿ ಗಮನಿಸತಕ್ಕ ಅಂಶವೊಂದಿದೆ. ಡ್ಯುವೆಟ್ ಬೇರೆ, ಅದರ ಮೇಲುಹೊದಿಕೆ ಬೇರೆ. ಮೊದಲನೆಯದು ತುಂಬಿದ ಹೊದಿಕೆ. ಎರಡನೆಯದು ಅದಕ್ಕೆ ತೊಡಿಸಿ, ತೆಗೆದು, ಒಗೆಯುವ ಚೀಲ. ವಸತಿಗೃಹಗಳಿಗೆ ಸರಬರಾಜು ಮಾಡುವವರು ಆದೇಶಪತ್ರದಲ್ಲಿ ಇವೆರಡನ್ನು ಬೆರೆಸಿದರೆ ಮಾಲೂ ತಪ್ಪುತ್ತದೆ, ತೆರಿಗೆಯೂ ತಪ್ಪುತ್ತದೆ.

ರಜಾಯಿಯ ವಿಷಯದಲ್ಲಿ ಒಳಗಿನ ವಸ್ತುವೇ ನಿರ್ಣಾಯಕ. 2018ರ ಆಗಸ್ಟ್ ತಿಂಗಳ ಸುತ್ತೋಲೆಯಲ್ಲಿ ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯು, ಹೊರಬಟ್ಟೆ ಯಾವುದೇ ಇರಲಿ, ಹತ್ತಿ ತುಂಬಿದ್ದರೆ ಅದು ಹತ್ತಿಯ ರಜಾಯಿ ಎಂದು ಸ್ಪಷ್ಟಪಡಿಸಿತು. ಆದ್ದರಿಂದ ಹೊರಗೆ ಶುದ್ಧ ಹತ್ತಿ ಬಟ್ಟೆಯಿದ್ದು ಒಳಗೆ ಪಾಲಿಯೆಸ್ಟರ್ ಇದ್ದರೆ, ಹತ್ತಿಯ ರಜಾಯಿ ಎಂಬ ಹೆಸರಿನಲ್ಲಿ ಕಡಿಮೆ ದರವನ್ನು ಕೇಳಲು ಬಾರದು.

ಒಂದು ರೂಪಾಯಿಯ ಬೆಲೆ

2017ರಲ್ಲಿ ಜಿ.ಎಸ್.ಟಿ. ಬಂದಾಗ ಜವಳಿಯ ಸಿದ್ಧವಸ್ತುಗಳಿಗೆ ಪೀಸ್ ಒಂದಕ್ಕೆ 1,000 ರೂ.ವರೆಗೆ ಶೇ. 5, ಅದಕ್ಕಿಂತ ಮೇಲ್ಪಟ್ಟು ಶೇ. 12 ಎಂಬ ದರಗಳಿದ್ದವು. 2025ರ ಸೆಪ್ಟೆಂಬರ್ 22ರಿಂದ ಈ ಮಿತಿ 2,500 ರೂ.ಗೆ ಏರಿದೆ. ಇದು ಸ್ವಾಗತಾರ್ಹ. ಆದರೆ ಮಿತಿಯನ್ನು ಮೀರಿದರೆ ದರವು ಶೇ. 18. 2,500 ರೂ.ಗಳ ಬೆಡ್‌ಸ್ಪ್ರೆಡ್‌ಗೆ ತೆರಿಗೆ 125 ರೂ.; 2,501 ರೂ. ಆದರೆ 450 ರೂ. 18 ಪೈಸೆ. ಬೆಲೆ ಒಂದು ರೂಪಾಯಿ ಏರಿದರೆ ತೆರಿಗೆ 325 ರೂ.ಗೂ ಹೆಚ್ಚು ಏರುತ್ತದೆ. ಇಂತಹ ಮೆಟ್ಟಿಲು ವ್ಯಾಪಾರಿಯನ್ನು ಗುಣಮಟ್ಟ ತಗ್ಗಿಸುವಂತೆ ಇಲ್ಲವೇ ಬಿಲ್ಲು ತಿದ್ದುವಂತೆ ಪ್ರಲೋಭಿಸುತ್ತದೆ. ತೆರಿಗೆ ನೀತಿಯು ಪ್ರಾಮಾಣಿಕನನ್ನು ಇಂತಹ ಇಕ್ಕಟ್ಟಿಗೆ ಸಿಲುಕಿಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮ ಉತ್ತರ ಕರ್ನಾಟಕದ ಕೌದಿಯನ್ನೇ ನೋಡಿ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಜೋಡಿಸಿ ಹೆಣ್ಣುಮಕ್ಕಳು ಹಲವು ದಿನ ಕೈಹೊಲಿಗೆ ಹಾಕಿದ ಹೊದಿಕೆ ಅದು. ಕೌದಿ ಎಂಬ ಹೆಸರು ದರಪಟ್ಟಿಯಲ್ಲಿಲ್ಲ. ಒಳಗೆ ಬಿಡಿ ಹತ್ತಿ ತುಂಬಿಲ್ಲವಾದ್ದರಿಂದ ಅದು ರಜಾಯಿಯೋ, ಬಟ್ಟೆಯ ಹೊದಿಕೆಯೋ? ನೋಂದಣಿಯ ಮಿತಿಯೊಳಗಿದ್ದು ತಾವೇ ಮಾರುವ ಚಿಕ್ಕ ಗುಂಪುಗಳಿಗೆ ಚಿಂತೆಯಿಲ್ಲ. ಆದರೆ ನೋಂದಾಯಿತ ಅಂಗಡಿಯವನು ಅದನ್ನು ಮಾರಾಟಕ್ಕಿಡುವಾಗ ಈ ಸಂದೇಹ ಅವನನ್ನು ಹಿಂಜರಿಯುವಂತೆ ಮಾಡುತ್ತದೆ. ಅದರ ನಷ್ಟ ಹೊಲಿದವಳಿಗೆ.

ವರ್ತಕ ಬಾಂಧವರಿಗೆ ನನ್ನ ಸೂಚನೆಗಳು ಸರಳ. ಮೊದಲನೆಯದಾಗಿ, ಬಿಲ್ಲಿನಲ್ಲಿ ವಸ್ತುವಿನ ಹೆಸರು ಮತ್ತು ತುಂಬಿದ ವಸ್ತು ಎರಡನ್ನೂ ಬರೆಯಿರಿ. ಎರಡನೆಯದಾಗಿ, ಖರೀದಿಯ ಬಿಲ್ಲಿನ ಎಚ್.ಎಸ್.ಎನ್. ಸಂಖ್ಯೆಗೂ ಮಾರಾಟದ ಸಂಖ್ಯೆಗೂ ವ್ಯತ್ಯಾಸ ಕಂಡರೆ ಕಾರಣ ವಿಚಾರಿಸಿ. ಪರಿಶೋಧಕರು ಮೊದಲು ನೋಡುವುದು ಅದನ್ನೇ. ಮೂರನೆಯದಾಗಿ, ರಿಯಾಯಿತಿ ಕೊಟ್ಟು ಮಾರಿದರೆ ಅದನ್ನು ಬಿಲ್ಲಿನಲ್ಲೇ ಕಾಣಿಸಿ. ತಪ್ಪು ತಮಗೇ ತಿಳಿದಲ್ಲಿ ನೋಟೀಸಿಗೆ ಕಾಯದೆ ಬಡ್ಡಿಸಹಿತ ಪಾವತಿಸುವುದು ಲೇಸು.

ಸಂಸ್ಥೆಯೂ ಎರಡು ಕೆಲಸಗಳನ್ನು ಕೈಗೊಳ್ಳಬೇಕೆಂದು ವಿನಂತಿಸುತ್ತೇನೆ. ಅಂಗಡಿಯ ಆಡುಮಾತಿನ ಹೆಸರುಗಳಿಗೆ ಸರಿಯಾದ ಶೀರ್ಷಿಕೆ ತೋರಿಸುವ ಕನ್ನಡ ಪಟ್ಟಿಯೊಂದನ್ನು ಸದಸ್ಯರಿಗೆ ಒದಗಿಸಬೇಕು. ಹೊದಿಕೆಗಳಿಗೆಲ್ಲ ಬೆಲೆ, ತುಂಬುವಿಕೆಗಳ ಭೇದವಿಲ್ಲದ ಒಂದೇ ದರವನ್ನೂ, ಕೌದಿಯ ಬಗ್ಗೆ ಸ್ಪಷ್ಟೀಕರಣವನ್ನೂ ಕೋರಿ ಜಿ.ಎಸ್.ಟಿ. ಮಂಡಳಿಗೆ ಮನವಿ ಸಲ್ಲಿಸಬೇಕು. ಚಳಿಗೆ ಹೊದೆಯುವ ವಸ್ತು ವ್ಯಾಪಾರಿಯ ನಿದ್ದೆ ಕೆಡಿಸಬಾರದಷ್ಟೆ.